ಮಿಷಿನ್ ಮುಟ್ಟಿ ಕೊಟ್ಟ ಮಾತು

ಇದನ್ನು ಬರೆಯಬೇಕೆಂದು ಕೂತು, ಬರೆಯದೆ ಎದ್ದದ್ದು ಎಷ್ಟು ಸಲವೋ. ಮೊದಲು ಪಕ್ಷದ ಗೆಳೆಯರು ಏನಂದುಕೊಳ್ಳುತ್ತಾರೋ ಎಂದು ಮುಂದಕ್ಕೆ ಹಾಕಿದೆ. ಆಮೇಲೆ ಕಣ್ಣಿನ ಆಪರೇಷನ್ ನೆಪವಾಯಿತು. ಈಗ ಕಣ್ಣು ಚೆನ್ನಾಗಿ ಕಾಣುತ್ತದೆ. ಆ ಗೆಳೆಯರಲ್ಲಿ ಅರ್ಧ ಜನ ತೀರಿಕೊಂಡಿದ್ದಾರೆ, ಉಳಿದ ಅರ್ಧ ಪಕ್ಷ ಬದಲಾಯಿಸಿದ್ದಾರೆ. ಹೇಳಿಕೊಳ್ಳಲು ನೆಪ ಉಳಿದಿಲ್ಲ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಬರವಣಿಗೆಯಲ್ಲಿ ತಪ್ಪಿದ್ದರೆ ಓದುವವರು ಸಹಿಸಿಕೊಳ್ಳಬೇಕು.

ಜಿಲ್ಲಾ ಪಂಚಾಯಿತಿಗೆ ಕೊನೆಯ ಸಲ ಚುನಾವಣೆ ನಡೆದಾಗಿನ ಮಾತು. ಆಮೇಲೆ ಆ ಚುನಾವಣೆ ನಡೆದೇ ಇಲ್ಲ. ಇಂದು ನಾಳೆ ಎನ್ನುತ್ತಲೇ ಇಷ್ಟು ವರ್ಷ ಕಳೆದಿದೆ. ನಡೆದಿದ್ದರೆ ಮಾಡಿದ್ದನ್ನು ತಿದ್ದಿಕೊಳ್ಳುತ್ತಿದ್ದೆನೇನೋ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಅದೂ ಒಂದು ನೆಪವೇ.

ನಾನು ಗುಬ್ಬಿಯವನು. ಗುಬ್ಬಿಯ ನಮ್ಮ ಕಡೆ ಪಕ್ಷಕ್ಕೆ ಓಟು ಕೇಳಬೇಕಾಗಿರಲಿಲ್ಲ, ನೆನಪಿಸಿದರೆ ಸಾಕಿತ್ತು. ಓಟರ್ ಲಿಸ್ಟ್ ಕೈಗೆ ಕೊಟ್ಟರೆ ಮನೆ ಮನೆಯ ಲೆಕ್ಕ ಹೇಳುತ್ತಾನೆ ಎಂದು ನನಗೆ ಹೆಸರಿತ್ತು. ಆ ಹೆಸರು ನನಗೆ ತಲೆಗೇರಿತ್ತು ಕೂಡ. ಒಂದು ದಿನ ತುಮಕೂರಿನ ಪಕ್ಷದ ಕಚೇರಿಗೆ ಜಿಲ್ಲಾ ಕಾರ್ಯದರ್ಶಿ ಕರೆಸಿಕೊಂಡರು.

"ಗುಬ್ಬೀಲಿ ನೀನಿಲ್ದಿದ್ರೂ ಗೆಲ್ತೀವಿ ಕಣೋ. ಈ ಸಲ ಕುಣಿಗಲ್ ಕಡೆ ಹೋಗು, ಅಮೃತೂರು ಹೋಬಳಿಗೆ."

"ಅಲ್ಲಿ ನಮಗೇನೈತೆ ಅಣ್ಣ?"

"ಏನೂ ಇಲ್ಲ. ಅದಕ್ಕೇ ಹೋಗು ಅಂತಿರೋದು. ಗೆಲ್ಲಕ್ಕಲ್ಲ. ಅವ್ರು ಅಲ್ಲಿ ಕಾಲು ಚಾಚ್ಕೊಂಡ್ ಕೂರ್ಬಾರ್ದು, ಅಷ್ಟೇಯ."

ಹೀಗೆ ನಾನು ನಮ್ಮದಲ್ಲದ ಸೀಮೆಗೆ ಚುನಾವಣಾ ಏಜೆಂಟನಾಗಿ ಹೋದೆ. ಒಂದು ಹಳೆಯ ಜೀಪು, ಡ್ರೈವರು, ಇಬ್ಬರು ಕಾರ್ಯಕರ್ತರು. ಅಭ್ಯರ್ಥಿ ಆ ಕಡೆಯವರೇ, ಸರ್ಕಾರಿ ಕೆಲಸದಿಂದ ನಿವೃತ್ತರಾಗಿದ್ದ ನರ್ಸಮ್ಮ. ಟಿಕೆಟ್ ಬೇರೆ ಯಾರಿಗೂ ಬೇಡವಾಗಿದ್ದರಿಂದ ಅವರಿಗೆ ಬಂದಿತ್ತು. ಅದನ್ನು ಅವರೇ ನಗುನಗುತ್ತಾ ಹೇಳುತ್ತಿದ್ದರು. ಬಿಸಿಲಿರಲಿ ಇಲ್ಲದಿರಲಿ ಕಂಕುಳಲ್ಲಿ ಕಪ್ಪು ಕೊಡೆ, ಹಣೆಯಲ್ಲಿ ವಿಭೂತಿ.

ಕ್ಷೇತ್ರದ ಊರುಗಳಲ್ಲಿ ಎರಡೇ ನಮ್ಮವು. ಮಿಕ್ಕವೆಲ್ಲ ತಾತನ ಕಾಲದಿಂದ ಎದುರು ಪಕ್ಷದವು. ಅದರಲ್ಲೂ ಬಸ್ಸು ತಿರುಗಿಸಿಕೊಳ್ಳುವ ಕೊನೆಯ ಊರಿನಲ್ಲಿ ನಮ್ಮ ಪಕ್ಷದ ಬಾವುಟ ಕಟ್ಟಿದವರೇ ಇರಲಿಲ್ಲ. ಕಾರಣ ಕೇಳಿದರೆ ನಗು ಬರುತ್ತದೆ. ಯಾವುದೋ ಕಾಲದಲ್ಲಿ ನಮ್ಮ ಕಡೆಯ ಭಾಷಣಕಾರನೊಬ್ಬ ಅಲ್ಲಿಗೆ ಹೋಗಿ ಮಠದ ಪ್ರಸಾದದ ಮೇಲೆ ಒಂದು ಜೋಕು ಮಾಡಿದ್ದನಂತೆ. ಆ ಭಾಷಣಕಾರ ಸತ್ತು ಮಣ್ಣಾಗಿದ್ದ. ಜೋಕು ಮಾತ್ರ ಬದುಕಿತ್ತು. ಅದನ್ನು ಕೇಳದೇ ಇದ್ದ ಹುಡುಗರೂ "ನೀವು ದೇವ್ರು ದಿಂಡ್ರು ಅಂದ್ರೆ ನಗೋ ಪಾರ್ಟಿಯೋರಲ್ವಾ" ಎನ್ನುತ್ತಿದ್ದರು.

ನಮ್ಮ ಕಸುಬಿನಲ್ಲಿ ಒಂದು ನಂಬಿಕೆಯಿತ್ತು. ಬೈದ ಮನೆಯಲ್ಲಿ ಓಟಿರಬಹುದು, ಕಾಫಿ ಕೊಟ್ಟ ಮನೆಯಲ್ಲಿ ಇಲ್ಲ. ಬೈಯುವವನು ನಮ್ಮಿಂದ ಏನನ್ನೋ ನಿರೀಕ್ಷಿಸಿರುತ್ತಾನೆ, ಕಾಫಿ ಕೊಡುವವನು ಸಾಗಹಾಕುತ್ತಾನೆ. ಮೊದಲ ದಿನ ಕೊನೆಯ ಊರಿನಲ್ಲಿ ನಮಗೆ ಆರು ಕಡೆ ಕಾಫಿ ಸಿಕ್ಕಿತು. ಊರಿನ ಯಜಮಾನರು ಜಗುಲಿಯ ಮೇಲೆ ಚಾಪೆ ಹಾಸಿ ಕೂರಿಸಿ, ಬೆಲ್ಲದ ಕಾಫಿ ಕೊಟ್ಟು, ಗುಬ್ಬಿಯಲ್ಲಿ ತೆಂಗಿನ ಫಸಲು ಹೇಗಿದೆ ಎಂದೆಲ್ಲ ವಿಚಾರಿಸಿದರು. ಎದ್ದು ಹೊರಡುವಾಗ, "ಬರ್ತಾ ಇರಿ. ಓಟೊಂದ್ ಬುಟ್ಟು ಏನ್ ಬೇಕಾರೂ ಕೇಳಿ, ಕೊಡ್ತೀನಿ" ಎಂದರು.

ನಾನು ಜೀಪಿನಲ್ಲಿ ಕೂತು ಲಿಸ್ಟ್ ತೆಗೆದೆ. ನಮ್ಮ ಪದ್ಧತಿ ಹೀಗೆ: ನಮ್ಮ ಓಟಿಗೆ ನೀಲಿ ಪೆನ್ಸಿಲಿನಲ್ಲಿ ಟಿಕ್, ಅವರದಕ್ಕೆ ಕೆಂಪಿನಲ್ಲಿ ಇಂಟು, ಗೊತ್ತಿಲ್ಲದ್ದಕ್ಕೆ ಪ್ರಶ್ನೆ ಗುರುತು. ಗುರುತು ಹಾಕುವುದು ಮನೆ ಲೆಕ್ಕದಲ್ಲಿ. ಜಗುಲಿಯ ಮೇಲೆ ಕೂತ ಗಂಡಸು ಏನು ಹೇಳಿದನೋ ಅದೇ ಆ ಮನೆಯ ಎಲ್ಲ ಓಟು. ನಲವತ್ತು ವರ್ಷ ಹಾಗೆಯೇ ಮಾಡಿದ್ದೆ. ಯಜಮಾನರ ಮನೆಯಲ್ಲಿ ಏಳು ಓಟು. ಏಳಕ್ಕೂ ಕೆಂಪು ಗೀಟೆಳೆದೆ.

ನರ್ಸಮ್ಮ ಪಕ್ಕದಿಂದ ಬಗ್ಗಿ ನೋಡಿದರು. "ಏಳಕ್ಕೂ ಹಾಕ್ಬಿಟ್ರಾ? ಯಾರನ್ನ ಕೇಳಿದ್ರಿ?"

"ಯಜಮಾನ್ರನ್ನ. ನಿಮ್ಮೆದ್ರುಗೇ ಹೇಳಿದ್ರಲ್ಲ."

"ಏಳು ಜನಾನೂ ಅವ್ರೊಬ್ರೇನಾ?"

ಡ್ರೈವರು ನಕ್ಕ. ನನಗೆ ಸಿಟ್ಟು ಬಂತು. ಇವರಿಗೆ ರಾಜಕೀಯ ಗೊತ್ತಿಲ್ಲ ಎಂದುಕೊಂಡೆ. ಅವರು ಮುಂದುವರಿಸಿದರು. "ಈ ಮನೇಲಿ ಮೂರು ಹೆರಿಗೆ ಮಾಡ್ಸಿದೀನಿ ನಾನು. ಒಂದ್ಸಲಾನೂ ಜಗುಲಿ ಕಡೆಯಿಂದ ಒಳಗ್ ಹೋಗಿಲ್ಲ. ನಾಳೆ ಹಿತ್ತಲ ಕಡೆಯಿಂದ ಹೋಗಣ ಬನ್ನಿ."

ಮಾರನೆಯ ದಿನದಿಂದ ನಮ್ಮ ಜೀಪು ಊರ ಹೊರಗೇ ನಿಲ್ಲತೊಡಗಿತು. ಅದು ಹುಣಸೆಹಣ್ಣು ಬಡಿಯುವ ಕಾಲ. ಮಧ್ಯಾಹ್ನ ಹಿತ್ತಲುಗಳಲ್ಲಿ ಹೆಂಗಸರು ಗುಂಪಾಗಿ ಕೂತು ಹುಣಸೆ ಬಡಿಯುತ್ತಿದ್ದರು, ಬೀಜ ತೆಗೆಯುತ್ತಿದ್ದರು. ನರ್ಸಮ್ಮ ಕೊಡೆ ಗೋಡೆಗೆ ಒರಗಿಸಿ ತಾವೂ ಒಂದು ಸುತ್ತಿಗೆ ತೆಗೆದುಕೊಂಡು ಕೂತುಬಿಡುತ್ತಿದ್ದರು. ಓಟಿನ ಮಾತೇ ಇಲ್ಲ. ಯಾರ ಮಗುವಿಗೆ ಎಷ್ಟು ಹಲ್ಲು ಬಂತು, ಯಾರ ಸೊಸೆಗೆ ರಕ್ತ ಕಮ್ಮಿ ಇದೆ, ಇದೇ ಮಾತು. ಕೊನೆಗೆ ಯಾರಾದರೂ ಒಬ್ಬಳು, "ಅಲ್ಲಾ ನರ್ಸಮ್ಮ, ನೀವು ಹೋದ್ಮೇಲೆ ಆಸ್ಪತ್ರೆ ಬೀಗ ತೆಗೆದೋರೇ ಇಲ್ವಲ್ಲ" ಎನ್ನುತ್ತಿದ್ದಳು. ಅಲ್ಲಿಂದ ನಿಜವಾದ ಮಾತು ಶುರು.

ತುಮಕೂರಿನಿಂದ ನಾಲ್ಕು ಪುಟದ ಕರಪತ್ರದ ಕಟ್ಟುಗಳು ಬಂದಿದ್ದವು. ಅದರಲ್ಲಿ ದೇಶದ ಸಂಗತಿಗಳೆಲ್ಲ ಇದ್ದವು. ನರ್ಸಮ್ಮ ಓದಿ ಮಡಚಿಟ್ಟು, ಅರ್ಧ ಹಾಳೆಯಲ್ಲಿ ಮೂರೇ ವಿಷಯ ಬರೆದರು. ಬೀಗ ಹಾಕಿದ ಆರೋಗ್ಯ ಉಪಕೇಂದ್ರ. ನಿಂತುಹೋದ ಮಧ್ಯಾಹ್ನದ ಬಸ್ಸು. ಹೈಸ್ಕೂಲಿನ ಹೆಣ್ಣುಮಕ್ಕಳಿಗೆ ಶೌಚಾಲಯ. ಅದನ್ನು ಕುಣಿಗಲ್ಲಿನಲ್ಲಿ ಅಚ್ಚು ಹಾಕಿಸಿದೆವು.

"ಮಠದ ವಿಷ್ಯ ಎತ್ತಿದ್ರೆ ಏನಂತೀರಿ?" ಎಂದು ನಾನು ಕೇಳಿದೆ.

"ನಾನೂ ಹೋಗ್ತೀನಿ, ನೀವೂ ಬನ್ನಿ, ಒಟ್ಟಿಗೇ ಹೋಗಣ ಅಂತೀನಿ. ಅದ್ರಾಗೇನೈತೆ?"

ಆ ಮೂರು ವಾರಗಳನ್ನು ನೆನೆದರೆ ಈಗಲೂ ಮೂಗಿಗೆ ಹುಣಸೆಯ ವಾಸನೆ ಬರುತ್ತದೆ. ಬೆಳಗ್ಗೆ ಕುಣಿಗಲ್ ಕೆರೆ ಏರಿಯ ಮೇಲೆ ಜೀಪು ನಿಲ್ಲಿಸಿ ತಟ್ಟೆ ಇಡ್ಲಿ ತಿನ್ನುವುದು. ರೇಡಿಯೇಟರಿಗೆ ನೀರು ಹುಯ್ಯಲು ಕೆಳಗಿಳಿದ ಡ್ರೈವರು ಕೆರೆಯ ಕೊಕ್ಕರೆಗಳ ಜೊತೆ ಮಾತಾಡುವುದು. ಅರ್ಧ ಹಾಳೆಯ ಕರಪತ್ರ ಓದಿದ ಮುದುಕಿಯೊಬ್ಬಳು "ಇಷ್ಟೇನಾ? ಇದನ್ ನೀವ್ ಮಾಡ್ಬೋದು ಬುಡಿ" ಎಂದದ್ದು. ನಲವತ್ತು ವರ್ಷದಲ್ಲಿ ನಮ್ಮ ಪಕ್ಷದ ಒಂದು ಕಾಗದವನ್ನು ಯಾರಾದರೂ ಹಾಗೆ ನಂಬಿದ್ದನ್ನು ನಾನು ಕಂಡಿರಲಿಲ್ಲ. ಗೆಲ್ಲುವ ಊರಿನಲ್ಲಿ ಕೆಲಸ ಮಾಡಿದವನಿಗೆ ಆ ಸುಖ ಗೊತ್ತಿರುವುದಿಲ್ಲ.

ಕೊನೆಯ ಊರಿನಲ್ಲಿ, ಹಾಲಿನ ಡೇರಿಯ ಎದುರು, ಒಬ್ಬ ಹೆಂಗಸು ರವಿಕೆ ಹೊಲಿಯುತ್ತಿದ್ದರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಊರೆಲ್ಲ ಅವರನ್ನು ಮಿಷಿನಮ್ಮ ಎನ್ನುತ್ತಿತ್ತು. ನರ್ಸಮ್ಮ ನನ್ನನ್ನು ಅವರ ಹತ್ತಿರ ಕರೆದುಕೊಂಡು ಹೋಗಿ, "ಇವ್ರ ಲಿಸ್ಟ್ ಒಂಚೂರು ನೋಡಮ್ಮ" ಎಂದರು.

ಮಿಷಿನಮ್ಮ ನನ್ನ ಲಿಸ್ಟ್ ತೆಗೆದುಕೊಂಡು ಕೆಂಪು ಗೀಟುಗಳನ್ನು ನೋಡಿದರು. "ಇದೇನ್ ಸ್ವಾಮಿ, ಊರಿಗೂರೇ ಹೊಡೆದಾಕ್ಬಿಟ್ಟಿದೀರಾ?"

ಅವರ ಮಿಷಿನ್ನಿನ ಡ್ರಾಯರಿನಲ್ಲಿ ಅಳತೆಯ ನೋಟ್‌ಬುಕ್ ಇತ್ತು. ಒಂದೊಂದು ಪುಟಕ್ಕೆ ಒಬ್ಬೊಬ್ಬ ಹೆಂಗಸು. ಊರಿನಲ್ಲಿ ಇಂಥವನ ಹೆಂಡತಿ, ಇಂಥವನ ತಾಯಿ ಎಂದೇ ಕರೆಸಿಕೊಳ್ಳುವವರೆಲ್ಲ ಆ ಪುಸ್ತಕದಲ್ಲಿ ತಮ್ಮ ತಮ್ಮ ಹೆಸರಿನಲ್ಲಿದ್ದರು. ಲಿಸ್ಟಿನಲ್ಲಿ ಒಂಬತ್ತು ಜನ ಜಯಮ್ಮ ಇದ್ದರು. ನನಗೆ ಒಬ್ಬರೂ ಗೊತ್ತಿರಲಿಲ್ಲ. ಅವರು ನೋಟ್‌ಬುಕ್ ತೆರೆದಿಟ್ಟುಕೊಂಡು, "ಇವ್ಳು ಉದ್ದ ತೋಳಿನ ಜಯಮ್ಮ, ಅತ್ತೆ ಮಾತು ಮೀರಲ್ಲ, ಬುಡಿ. ಇವ್ಳು ಹಿಂದೆ ದಾರ ಕಟ್ಟೋ ಜಯಮ್ಮ, ಮಗಳು ಬಸ್ಸಿಲ್ದೆ ಕಾಲೇಜ್ ಬಿಟ್ಳು, ಇವ್ಳನ್ನ ಕೇಳಬೋದು" ಎಂದು ಒಂದೊಂದಾಗಿ ಹೇಳುತ್ತಾ ಹೋದರು. ನಾನು ರಬ್ಬರಿನಲ್ಲಿ ಕೆಂಪು ಅಳಿಸಿ ಪ್ರಶ್ನೆ ಗುರುತು ಹಾಕುತ್ತಾ ಹೋದೆ. ಯಜಮಾನರ ಮನೆಯ ಏಳರಲ್ಲಿ ಮೂರು ಪ್ರಶ್ನೆಯಾದವು. ಮುಗಿಯುವ ಹೊತ್ತಿಗೆ ಹಾಳೆಯೆಲ್ಲ ರಬ್ಬರಿನ ಹೊಟ್ಟು.

ಆಗ ಎದುರಾದದ್ದು ಏಜೆಂಟರ ಸಮಸ್ಯೆ. ಮತಗಟ್ಟೆಯೊಳಗೆ ಪ್ರತಿ ಅಭ್ಯರ್ಥಿಯ ಪರವಾಗಿ ಒಬ್ಬರು ಕೂರಬಹುದು. ಬಂದವರ ಗುರುತು ನೋಡುವುದು, ಲಿಸ್ಟಿನಲ್ಲಿ ಓಟು ಹಾಕಿದವರಿಗೆ ಗುರುತು ಮಾಡಿಕೊಳ್ಳುವುದು ಅವರ ಕೆಲಸ. ಕೊನೆಯ ಊರಿನ ಮತಗಟ್ಟೆಯಲ್ಲಿ ನಮ್ಮ ಪಕ್ಷದ ಕುರ್ಚಿ ಯಾವತ್ತೂ ಖಾಲಿ. ಹೊರಗಿನವರನ್ನು ಕೂರಿಸಿದರೆ ಪ್ರಯೋಜನವಿಲ್ಲ ಎಂದು ನರ್ಸಮ್ಮ ಹೇಳಿದರು. "ಒಳಗೆ ಕಾಲಿಟ್ಟಾಗ ಹೆಂಗಸ್ರಿಗೆ ತಮ್ಮೂರೋಳೇ ಒಬ್ಳು ಕಾಣ್ಬೇಕು. ಆಗ ಧೈರ್ಯ ಬರತ್ತೆ."

ನಾನು ಮಿಷಿನಮ್ಮನನ್ನು ಕೇಳಿದೆ. ಅವರು ಕಾಲಿನಡಿಯ ಪೆಡಲು ನಿಲ್ಲಿಸಿದರು.

"ನೀವು ಓಟಾದ್ಮೇಲೆ ಗುಬ್ಬಿಗ್ ಹೋಗ್ತೀರಿ. ನಾನು ಇಲ್ಲೇ ಇರ್ಬೇಕು."

"ನಾವಿರ್ತೀವಿ ಕಣಮ್ಮ."

"ಇರ್ತೀವಿ ಅಂದ್ರೆ ಹೆಂಗೆ? ಬಿಡಿಸಿ ಹೇಳಿ." ಅವರೇ ಬಿಡಿಸಿ ಹೇಳಿದರು. ಊಟದ ಹೊತ್ತಿಗೆ ಕುರ್ಚಿ ಬದಲಿಸಲು ಇನ್ನೊಬ್ಬ ಏಜೆಂಟ್ ಬೇಕು. ಹೊರಗೆ, ಪಕ್ಷದವರು ದಾಟಬಾರದ ಸುಣ್ಣದ ಗೆರೆಯಾಚೆ, ನಮ್ಮ ಟೇಬಲ್ಲು ಸಂಜೆಯ ತನಕ ಇರಬೇಕು. ಮುಗಿದ ಮೇಲೆ ನಾನೇ ಬಂದು ಊರವರ ಎದುರಿಗೆ ಅವರ ಜೊತೆ ನಡೆದುಕೊಂಡು ಮನೆಯವರೆಗೆ ಬರಬೇಕು. "ಒಬ್ಳನ್ನೇ ಕೂರ್ಸಿ ಹೋಗ್ಬ್ಯಾಡಿ. ಅಷ್ಟೇ ನಾ ಕೇಳೋದು."

"ಆಯ್ತು" ಎಂದೆ.

"ಆಯ್ತು ಅಂತ ಎಲ್ರೂ ಅಂತಾರೆ. ಮಿಷಿನ್ ಮುಟ್ಟಿ ಹೇಳಿ."

ಆಯುಧಪೂಜೆಯ ಕುಂಕುಮ ಇನ್ನೂ ಅದರ ಚಕ್ರದ ಮೇಲಿತ್ತು. ನಾನು ಕೈಯಿಟ್ಟು ಹೇಳಿದೆ. ಅವರ ಹೆಸರನ್ನು ಕೇಳಿ ಏಜೆಂಟ್ ಫಾರಮ್ಮಿನಲ್ಲಿ ನನ್ನ ಕೈಯಾರೆ ಬರೆದೆ. ಅವರು ದಾರ ಕತ್ತರಿಸಿದಷ್ಟು ಚುರುಕಾಗಿ ಸಹಿ ಹಾಕಿದರು.

ಮತದಾನದ ದಿನ ಬೆಳಕು ಹರಿಯುವ ಮೊದಲೇ ನಾನು ಆ ಊರಿನ ಶಾಲೆಯ ಹತ್ತಿರ ಇದ್ದೆ. ಅಣಕು ಮತದಾನಕ್ಕೆ ಏಜೆಂಟರು ಒಂದು ಗಂಟೆ ಮುಂಚೆ ಬರಬೇಕು. ಮಿಷಿನಮ್ಮ ಹಸಿರು ಸೀರೆ ಉಟ್ಟು, ಕೈಚೀಲದಲ್ಲಿ ನಾನು ಕೊಟ್ಟಿದ್ದ ಪ್ರಶ್ನೆ ಗುರುತಿನ ಲಿಸ್ಟು, ಸ್ಕೇಲು, ಎರಡು ಪೆನ್ಸಿಲು ಇಟ್ಟುಕೊಂಡು ಬಂದರು. ಮತಯಂತ್ರದ ಗುಂಡಿ ಒತ್ತಿ ಪರೀಕ್ಷಿಸಿ, ಸೊನ್ನೆ ಮಾಡಿ, ಸೀಲು ಹಾಕಿದ ಚೀಟಿಯ ಮೇಲೆ ಎಲ್ಲ ಏಜೆಂಟರೂ ಸಹಿ ಮಾಡಿದರು. ಎದುರು ಪಕ್ಷದ ಏಜೆಂಟ್ ಹುಡುಗ, "ಏನಕ್ಕೋ, ಇವತ್ತು ಮಿಷಿನ್ ಬುಟ್ಟು ಈ ಮಿಷಿನ್ ಮುಂದೆ ಕೂತ್ಬುಟ್ಟೆ?" ಎಂದು ಚುಡಾಯಿಸಿದನಂತೆ. "ನಿನ್ ಪ್ಯಾಂಟಿನ್ ಜಿಪ್ ನಾನೇ ಕಣ್ಲಾ ಹಾಕಿದ್ದು, ಸುಮ್ಕಿರು" ಎಂದು ಇವರು ಅಂದದ್ದಕ್ಕೆ ಅಧಿಕಾರಿಗಳೂ ನಕ್ಕರಂತೆ.

ಬೆಳಗ್ಗೆ ಗಂಡಸರ ಸಾಲು. ಹತ್ತರ ಮೇಲೆ ಹೆಂಗಸರು ಬರತೊಡಗಿದರು. ಗೆರೆಯಾಚೆಯ ನಮ್ಮ ಟೇಬಲ್ಲಿನ ಮುಂದೆ ಹಾಯುವಾಗ ತಲೆ ಎತ್ತುತ್ತಿರಲಿಲ್ಲ, ಆದರೆ ಸೆರಗಿನ ಮರೆಯಲ್ಲಿ ಒಂದು ಬೆರಳು ಅಲ್ಲಾಡುತ್ತಿತ್ತು. ಹಿಂದೆ ದಾರ ಕಟ್ಟುವ ಜಯಮ್ಮ ನನ್ನನ್ನು ನೋಡಿ ನಕ್ಕೇಬಿಟ್ಟರು. ಗೆಲ್ಲಬಹುದು ಎಂದು ಮೊದಲ ಸಲ ಅನ್ನಿಸಿದ್ದು ಆಗ. ಮಿಕ್ಕವರು ಕೂಲಿ ಮುಗಿಸಿ, ಮುದ್ದೆ ಉಂಡು, ಮಧ್ಯಾಹ್ನದ ಮೇಲೆ ಬರುವವರು ಎಂದು ಮಿಷಿನಮ್ಮ ಮೊದಲೇ ಲೆಕ್ಕ ಹೇಳಿದ್ದರು.

ಹನ್ನೆರಡೂವರೆಯ ಹೊತ್ತಿಗೆ ಜಿಲ್ಲಾ ಕಾರ್ಯದರ್ಶಿಯ ಫೋನು ಬಂತು.

"ಏನೋ, ನಮ್ಮೂರ್ಗಳಲ್ಲೇ ಓಟು ಆಗ್ತಿಲ್ವಂತೆ? ಜನ ಮನೇಲಿ ಕೂತವ್ರಂತೆ. ನೀನೆಲ್ಲಿ ಸಾಯ್ತಿದೀಯ?"

"ಕೊನೆ ಊರಲ್ಲಿದೀನಿ ಅಣ್ಣ. ಇಲ್ಲಿ ಹೆಂಗಸ್ರು..."

"ಅವ್ರೂರಲ್ಲಿ ಕೂತು ಏನ್ ಕೀಳ್ತಿದೀಯ? ಇದ್ಬದ್ದೋರ್ನೆಲ್ಲಾ ಜೀಪಿಗ್ ಹಾಕ್ಕೊಂಡು ನಮ್ಮೂರಿಗ್ ಹೋಗು. ಮನೆ ಮನೆ ಬಾಗ್ಲು ತಟ್ಟು. ನಲವತ್ತು ವರ್ಷದ ಸರ್ವೀಸು ನಿಂದು, ನಾನ್ ಹೇಳಿಕೊಡ್ಬೇಕಾ?"

ನಿರ್ಧಾರ ನನ್ನದು. ಇದನ್ನು ಅವರ ಮೇಲೆ ಹಾಕುವುದಿಲ್ಲ. ನರ್ಸಮ್ಮ ಬೇರೆ ಊರಿನಲ್ಲಿದ್ದರು, ಒಂದು ಫೋನು ಮಾಡಿ ಕೇಳಬಹುದಿತ್ತು. ಬೇಡ ಎನ್ನುತ್ತಾರೆಂದು ಗೊತ್ತಿದ್ದರಿಂದ ಮಾಡಲಿಲ್ಲ. ಮೂರು ವಾರ ರಬ್ಬರಿನಲ್ಲಿ ಅಳಿಸಿದ ಕೆಂಪು ಗೀಟುಗಳೆಲ್ಲ ಒಂದು ಫೋನಿನಲ್ಲಿ ಮತ್ತೆ ಎದ್ದುಬಂದವು. ಇದು ಅವರ ಊರು, ನಮ್ಮ ಓಟು ನಮ್ಮ ಊರಿನಲ್ಲಿದೆ ಎಂದು ನನ್ನ ಹಳೆಯ ಬುದ್ಧಿ ಹೇಳಿತು. ಟೇಬಲ್ಲು ಮಡಚಿಸಿದೆ. ಬದಲಿ ಏಜೆಂಟಾಗಿ ಇರಬೇಕಾಗಿದ್ದವನೂ ಸೇರಿ ಇಬ್ಬರು ಕಾರ್ಯಕರ್ತರನ್ನೂ ಜೀಪಿಗೆ ಹತ್ತಿಸಿದೆ. ಒಳಗಿದ್ದ ಮಿಷಿನಮ್ಮನಿಗೆ ಹೇಳಿಕಳಿಸಬೇಕಿತ್ತು. ಒಂದು ಗಂಟೆಯಲ್ಲಿ ವಾಪಸು ಬರುತ್ತೇವಲ್ಲ ಎಂದುಕೊಂಡೆ.

ಕ್ಷೇತ್ರದಲ್ಲಿ ನಮ್ಮವಾಗಿದ್ದ ಆ ಎರಡು ಊರುಗಳಿಗೆ ಹೋಗಿ ಬಾಗಿಲು ತಟ್ಟಿದರೆ, ಬಹಳ ಮನೆಗಳಲ್ಲಿ ಆಗಲೇ ಓಟು ಹಾಕಿ ಮಲಗಿದ್ದರು. ಹಾಕದೇ ಇದ್ದವರು ಬೆಂಗಳೂರಿಗೆ ಕೆಲಸಕ್ಕೆ ಹೋದವರು. "ಯಾಕಣ್ಣ ಇಷ್ಟ್ ಜನ ಬಂದಿದೀರ, ನಾವೆಲ್ಲಿ ಓಡೋಗ್ತೀವಿ?" ಎಂದು ಒಬ್ಬ ನಕ್ಕ. ನಮ್ಮ ಊರಿನವರು ನಮ್ಮ ಕೈ ಬಿಟ್ಟಿರಲಿಲ್ಲ. ಅಲ್ಲಿಂದ ಹೊರಡುವಾಗ ಜೀಪಿನ ರೇಡಿಯೇಟರು ಕೈಕೊಟ್ಟಿತು. ನಾವು ಕೊನೆಯ ಊರು ಮುಟ್ಟಿದಾಗ ಐದು ದಾಟಿತ್ತು. ಮತಗಟ್ಟೆಯ ಬಾಗಿಲು ಹಾಕಿತ್ತು.

ಆ ಮಧ್ಯಾಹ್ನ ಅಲ್ಲಿ ಏನಾಯಿತೆಂದು ನನಗೆ ಗೊತ್ತಾದದ್ದು ಆಮೇಲೆ, ಬೇರೆಯವರಿಂದ. ಒಂದು ಗಂಟೆಗೆ ಬದಲಿಯವನು ಬರಲಿಲ್ಲ. ಮಿಷಿನಮ್ಮ ಎದ್ದು ಹೋದರೆ ನಮ್ಮ ಕುರ್ಚಿ ಖಾಲಿ. ಎದ್ದು ಹೋಗಬೇಕಾದೀತೆಂದು ನೀರನ್ನೂ ಕುಡಿಯದೆ ಕೂತರು. ಎರಡೂವರೆಗೆ ಯಜಮಾನರು ತಮ್ಮ ಏಜೆಂಟನ ಊಟದ ಜೊತೆ ಇವರಿಗೂ ಒಂದು ಡಬ್ಬಿ ಕಳಿಸಿದರು. ಕೆಟ್ಟ ಮನಸ್ಸಿನಿಂದಲ್ಲ, ಅವರ ಊರಿನ ಮರ್ಯಾದೆ ಅದು. "ನಿಮ್ಮೋರು ಊಟನೂ ಕಳ್ಸಲಿಲ್ವೇನಕ್ಕ?" ಎಂದು ಆ ಹುಡುಗ ಕೇಳಿದನಂತೆ. ಡಬ್ಬಿಯನ್ನು ಇವರು ತೆರೆಯಲಿಲ್ಲ. ಸಂಜೆಯವರೆಗೂ ಅದು ಅವರ ಕುರ್ಚಿಯ ಪಕ್ಕ ನೆಲದ ಮೇಲಿತ್ತು. ಓಟು ಹಾಕಲು ಬಂದವರೆಲ್ಲ ನೋಡಿದರು, ಯಜಮಾನರ ಮನೆಯ ಡಬ್ಬಿ ಎಂದು ಎಲ್ಲರಿಗೂ ಗೊತ್ತು. ಹೊರಗೆ ನಮ್ಮ ಟೇಬಲ್ಲು ಇದ್ದ ಜಾಗದಲ್ಲಿ ಸುಣ್ಣದ ಗೆರೆ ಮಾತ್ರ ಉಳಿದಿತ್ತು. ಹೆಂಗಸರು ಶಾಲೆಯ ಮೂಲೆಯವರೆಗೆ ಬಂದು, ಅದನ್ನು ನೋಡಿ, ನಿಂತು, ತಿರುಗಿ ಹೋದರಂತೆ.

ನಾನು ಶಾಲೆಯ ಗೇಟಿನ ಹತ್ತಿರ ನಿಂತಿದ್ದಾಗ ಮಿಷಿನಮ್ಮ ಹೊರಗೆ ಬಂದರು. ಕೈಯಲ್ಲಿ ಅಧಿಕಾರಿಗಳು ಕೊಟ್ಟ ಮತಗಳ ಲೆಕ್ಕದ ಹಾಳೆ. ಮುಖ ಬಾಡಿತ್ತು, ತುಟಿ ಒಡೆದಿತ್ತು. ಹಾಳೆಯನ್ನು ನನಗೆ ಕೊಟ್ಟರು. ಅವರ ಜೊತೆ ನಡೆದು ಬರುತ್ತೇನೆಂದು ಕೊಟ್ಟ ಮಾತು ನನಗೆ ನೆನಪಿತ್ತು. ಆದರೆ ಎದುರಿಗೆ ಆ ಪಕ್ಷದ ಜನ ತಮಟೆ ಹಿಡಿದು ನಿಂತಿದ್ದರು. "ನೀವು ನಡೀರಿ, ಬಂದೆ" ಎಂದೆ. ಅವರು ಒಬ್ಬರೇ ಆ ಜನರ ನಡುವೆ ದಾರಿ ಮಾಡಿಕೊಂಡು ಹೋದರು. ನಾನು ಜೀಪು ಹತ್ತಿದೆ.

ಎಣಿಕೆ ಕುಣಿಗಲ್ಲಿನಲ್ಲಿ. ಒಂದೊಂದೇ ಊರಿನ ಯಂತ್ರ ತೆರೆಯುತ್ತಾ ಹೋದಂತೆ ಎಣಿಕೆ ಕೋಣೆಯ ಆ ಬದಿಯಲ್ಲಿ ಕೂತಿದ್ದ ಎದುರು ಪಕ್ಷದವರ ಮುಖ ಸಣ್ಣಗಾಗತೊಡಗಿತು. ಯಾವತ್ತೂ ನಮಗೆ ಬೆರಳೆಣಿಕೆಯ ಓಟು ಬೀಳುತ್ತಿದ್ದ ಊರುಗಳಲ್ಲೆಲ್ಲ ಸಾಲು ಸಾಲು ಓಟು ಬಿದ್ದಿದ್ದವು. ಕೊನೆಯ ಊರಿನಲ್ಲೂ. ಎಲ್ಲ ಮುಗಿದಾಗ ನಾವು ಸೋತದ್ದು ಒಂದು ಬಸ್ಸಿಗೆ ತುಂಬುವಷ್ಟು ಜನರ ಓಟಿನಿಂದ. ನರ್ಸಮ್ಮ ಕೊಡೆ ಬಿಚ್ಚಿ ಬಿಸಿಲಿಗೆ ಇಳಿದು, "ಪರ್ವಾಗಿಲ್ಲ ಕಣ್ರೀ. ಮುಂದಿನ್ಸಲ ಇಲ್ಲಿಂದ ಶುರು" ಎಂದರು. ಅವರ ಕಣ್ಣು ಹೊಳೆಯುತ್ತಿತ್ತು.

ಮುಂದಿನ ವಾರ ತುಮಕೂರಿನಲ್ಲಿ ಸೋಲಿನ ವಿಮರ್ಶೆಯ ಸಭೆ. ನರ್ಸಮ್ಮ ಬಸ್ಸಿನಲ್ಲಿ ಮಿಷಿನಮ್ಮನನ್ನೂ ಕರೆದುಕೊಂಡು ಬಂದಿದ್ದರು. ಅವರು ಹಿಂದಿನ ಸಾಲಿನ ಕುರ್ಚಿಯಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅವರು ಬಂದದ್ದನ್ನು ನಾನು ನೋಡಿರಲಿಲ್ಲ. ನೋಡಿದ್ದರೆ ಬೇರೆ ಮಾತಾಡುತ್ತಿದ್ದೆ ಎಂದು ಹೇಳಲು ಬಾಯಿ ಬರುವುದಿಲ್ಲ.

"ಇಷ್ಟ್ ಹತ್ರ ಬಂದು ಎಲ್ ಹೋಯ್ತು?" ಎಂದು ಜಿಲ್ಲಾ ಕಾರ್ಯದರ್ಶಿ ಕೇಳಿದರು. ಅವರೇ ಮಾಡಿದ ಫೋನು ಅವರಿಗೆ ಮರೆತಿತ್ತು, ಅಥವಾ ಮರೆತಂತಿದ್ದರು. ಎಲ್ಲರೂ ನನ್ನನ್ನು ನೋಡುತ್ತಿದ್ದರು. ನಲವತ್ತು ವರ್ಷದ ಹೆಸರು ಒಂದು ಉತ್ತರದ ಮೇಲೆ ನಿಂತಿತ್ತು.

"ಕೊನೆ ಊರಲ್ಲಿ ಹೋಯ್ತು ಅಣ್ಣ. ಯಾರೋ ಮಿಷಿನ್ ಹೊಲಿಯೋಳನ್ನ ಏಜೆಂಟ್ ಕೂರ್ಸಿದ್ವಿ. ಅನುಭವ ಇಲ್ಲ. ಮಧ್ಯಾಹ್ನದ ಮೇಲೆ ಕೈಬಿಟ್ಬುಟ್ಳು."

ಹಿಂದೆ ಕುರ್ಚಿ ಸರಿದ ಸದ್ದಾಯಿತು. ಮಿಷಿನಮ್ಮ ಎದ್ದು, ಸಾಲುಗಳ ನಡುವೆ ನಡೆದು ನನ್ನ ಹತ್ತಿರ ಬಂದರು. ಕೈಚೀಲದಿಂದ ಲಿಸ್ಟ್ ತೆಗೆದು ನನ್ನ ತೊಡೆಯ ಮೇಲಿಟ್ಟು, "ಇದು ನಿಮ್ದು" ಎಂದರು. ಅಷ್ಟೇ. ನರ್ಸಮ್ಮ ಅವರ ಮುಖ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಕೊಡೆ ತೆಗೆದುಕೊಂಡು ಅವರ ಹಿಂದೆಯೇ ಹೊರಟುಹೋದರು.

ಆ ಲಿಸ್ಟು ಈಗ ನನ್ನ ಮುಂದಿದೆ. ಓಟು ಹಾಕಿದ ಪ್ರತಿಯೊಬ್ಬರ ಹೆಸರಿನ ಕೆಳಗೂ ಸ್ಕೇಲಿಟ್ಟು ಎಳೆದ ನೇರ ಗೆರೆ. ಮಧ್ಯಾಹ್ನ, ಸಂಜೆ, ಕೊನೆಯ ಓಟಿನವರೆಗೂ ಒಂದು ಗೆರೆಯೂ ಓರೆಯಾಗಿಲ್ಲ. ಪ್ರಶ್ನೆ ಗುರುತಿದ್ದು ಗೆರೆ ಇಲ್ಲದ ಹೆಂಗಸರ ಹೆಸರುಗಳನ್ನು ಒಂದು ದಿನ ಎಣಿಸಿದೆ. ಒಂದು ಬಸ್ಸು ತುಂಬಿ ಇನ್ನೂ ಕೆಲವರು ನಿಂತುಕೊಳ್ಳಬೇಕಾಗುತ್ತಿತ್ತು. ಅವರೆಲ್ಲ ಬಂದಿದ್ದರೆ ನಮಗೇ ಹಾಕುತ್ತಿದ್ದರೆಂದು ಹೇಳಲಾರೆ. ಬರಲಿಲ್ಲ ಎಂದಷ್ಟೇ ಹೇಳಬಲ್ಲೆ.

ಸಭೆಯಲ್ಲಿ ನಾನು ಹೇಳಿದ ಮಾತು ಬಸ್ಸು ಹತ್ತಿ ಆ ಊರು ಸೇರಿತು. ಮಿಷಿನಮ್ಮ ಕೈಬಿಟ್ಟಳಂತೆ, ಅವಳ ಪಾರ್ಟಿಯವರೇ ಹೇಳಿದರಂತೆ, ಯಜಮಾನರ ಮನೆಯ ಡಬ್ಬಿಯೂ ಇತ್ತಲ್ಲ, ಒಳಗೊಳಗೇ ಆ ಕಡೆ ಸೇರಿಕೊಂಡಿದ್ದಳಂತೆ. ಯಜಮಾನರು ಅವರಿಗೆ ಏನೂ ತೊಂದರೆ ಕೊಡಲಿಲ್ಲ. ದೂರವಾದವರು ಅವರನ್ನು ನಂಬಿ ಸೆರಗಿನೊಳಗೆ ಬೆರಳು ಅಲ್ಲಾಡಿಸಿದ ಹೆಂಗಸರು. ರವಿಕೆ ಬಟ್ಟೆಗಳನ್ನು ಹೊಲಿಸಲು ಅಮೃತೂರಿಗೆ ಒಯ್ಯತೊಡಗಿದರು. ವರ್ಷ ತುಂಬುವುದರೊಳಗೆ ಮಿಷಿನಮ್ಮ ಊರು ಬಿಟ್ಟು ತುಮಕೂರಿನ ಪಕ್ಕದ ಕ್ಯಾತ್ಸಂದ್ರಕ್ಕೆ ಬಂದರು.

ನರ್ಸಮ್ಮನ ಹತ್ತಿರ ನಾನು ಎಲ್ಲವನ್ನೂ ಒಪ್ಪಿಕೊಂಡೆ, ತಡವಾಗಿ, ಅವರು ಹಾಸಿಗೆ ಹಿಡಿದ ಮೇಲೆ. ಕ್ಷಮಿಸಿ ಎಂದೆ. ಅವರು ಗೋಡೆಯ ಕಡೆ ತಿರುಗಿದ್ದವರು ಹಾಗೆಯೇ ಇದ್ದು, "ನನ್ ಹತ್ರ ಯಾಕ್ ಹೇಳ್ತೀರಿ?" ಎಂದರು.

ನಾನೀಗ ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಮಗಳ ಮನೆಯಲ್ಲಿದ್ದೇನೆ. ಕ್ಯಾತ್ಸಂದ್ರ ಎಷ್ಟು ದೂರ? ಅಲ್ಲಿ ಹಾಸ್ಟೆಲ್ಲುಗಳ ಸಾಲಿನ ಒಂದು ಸಣ್ಣ ಮಳಿಗೆಯಲ್ಲಿ ಅವರು ಯೂನಿಫಾರಂ ಹೊಲಿಯುತ್ತಾರೆ. ಎರಡು ಸಲ ಬಸ್ಸಿನಿಂದ ನೋಡಿ ಇಳಿಯದೆ ಮುಂದೆ ಹೋಗಿದ್ದೆ. ಮೂರನೆಯ ಸಲ ಜಿಪ್ಪು ಕಿತ್ತ ಒಂದು ಚೀಲ ಹಿಡಿದುಕೊಂಡು ಹೋದೆ. ಅದೇ ಮಿಷಿನ್ನು, ಚಕ್ರದ ಮೇಲೆ ಹೊಸ ಕುಂಕುಮ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವರು ಚೀಲ ತಿರುಗಿಸಿ ನೋಡಿ, "ಗುರುವಾರ ಬನ್ನಿ. ಚೀಟಿ ಬರೀಬೇಕು, ಹೆಸ್ರೇಳಿ" ಎಂದರು. ಗುರುತು ಸಿಗಲಿಲ್ಲ ಎಂದು ಸಮಾಧಾನವಾಯಿತು. ಅದಕ್ಕಿಂತ ನಾಚಿಕೆಯ ಸಮಾಧಾನ ನನಗೆ ಇನ್ನೊಂದು ಆಗಿಲ್ಲ. ಹೆಸರು ಹೇಳಿದೆ. ಬರೆದು, ಹರಿದು, ಕೈಗೆ ಕೊಟ್ಟರು. ಬಸ್ಸಿನಲ್ಲಿ ಕೂತು ನೋಡಿದೆ. ನನ್ನ ಹೆಸರಿನ ಮುಂದೆ, ನಾನು ಹೇಳದೇ ಇದ್ದರೂ, ‘ಗುಬ್ಬಿ’ ಎಂದು ಬರೆದಿದ್ದರು.

ಆ ಗುರುವಾರ ನಾನು ಹೋಗಲಿಲ್ಲ. ಆಮೇಲಿನ ಯಾವ ಗುರುವಾರವೂ ಹೋಗಲಿಲ್ಲ. ಚೀಲ ಇನ್ನೂ ಅಲ್ಲೇ ಇರಬೇಕು. ಅವರು ವಹಿಸಿಕೊಂಡದ್ದನ್ನು ಬಿಸಾಡುವವರಲ್ಲ.

ಇದು ಅಚ್ಚಾದರೆ ಯಾರಾದರೂ ಅವರಿಗೆ ತೋರಿಸಬಹುದು. ಅದರಿಂದ ನಾನು ಅವರೆದುರು ನಿಂತು ಕೇಳಿದಂತಾಗುವುದಿಲ್ಲ, ಗೊತ್ತು. ಆದರೆ ಅಷ್ಟು ಜನರ ಸಭೆಯಲ್ಲಿ ನಾನು ಅವರನ್ನು ಯಾರೋ ಮಿಷಿನ್ ಹೊಲಿಯೋಳು ಎಂದಿದ್ದೆ. ಅವರ ಹೆಸರು ನನಗೆ ಆಗಲೂ ಗೊತ್ತಿತ್ತು. ಫಾರಮ್ಮಿನಲ್ಲಿ ನನ್ನ ಕೈಯಾರೆ ಬರೆದಿದ್ದೆ.

ಹೊನ್ನಗಂಗಮ್ಮ.